ಆಯಿಯ ನಾಡಿ, ಆರು ಗೆರೆಯ ಬಾಟಲಿ

ಡಾಕ್ಟರ್ ಸಾಹೇಬರು ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಔಷಧದ ಮೇಜಿನ ಮೇಲಿಟ್ಟದ್ದು 1948ರ ಆಗಸ್ಟ್ ಕೊನೆಯ ವಾರ.

“ಇದಕ್ಕ ಸೆಕೆಂಡಿನ ಮುಳ್ಳೈತಿ. ಕೆಳಗ ಬೀಳಿಸಿದಿ ಅಂದ್ರ ನಿನ್ನ ನಾಡಿ ನಾ ಎಣಿಸಬೇಕಾಗ್ತದ,” ಎಂದರು.

ಗದಗಿನ ಆ ಚಿಕ್ಕ ಆಸ್ಪತ್ರೆಯಲ್ಲಿ ನಾನು ಕಂಪೌಂಡರನಾಗಿ ಸೇರಿ ಹದಿನಾಲ್ಕು ತಿಂಗಳಾಗಿತ್ತು. ನನಗಾಗ ಇಪ್ಪತ್ತೆರಡು ವರ್ಷ. ಏನು ಕಂಡರೂ ಎಣಿಸಿ ಬರೆದಿಡುವ ಅಭ್ಯಾಸ ಶಿರಹಟ್ಟಿಯ ಶಾಲೆಯಲ್ಲಿದ್ದಾಗಿನಿಂದಲೂ ಇತ್ತು. ದಿನಕ್ಕೆ ಎಷ್ಟು ಬಾಟಲಿ ಹೋದವು, ಎಷ್ಟು ಬೂಚು ಸೀಳಿದವು, ಎಷ್ಟು ಜನ ಔಷಧ ಕಹಿಯೆಂದು ಬೈದರು, ಎಲ್ಲವೂ ನನ್ನ ದಿನಚರಿಯಲ್ಲಿದ್ದವು. ಸಾಹೇಬರು ಅದನ್ನು ಒಂದು ದಿನ ನೋಡಿಬಿಟ್ಟಿದ್ದರು.

“ಹಿಂದಿನ ಯುದ್ಧದಾಗ ನಾ ಸಿಪಾಯಿಗಳ ಎದಿ ನೋಡೇನಿ,” ಎಂದರು. “ಮೊದಲ ಎದಿಬ್ಯಾನಿ ಇದ್ದವ್ರು ಹಾಸಿಗ್ಯಾಗ ಮಲಗಿ ಯುದ್ಧದ ಸುದ್ದಿ ಕೇಳಿದ್ರ ಅವರ ಎದಿ ಹೆಂಗ ಬಡಕೋತದ? ಅದನ್ನ ಯಾರೂ ಎಣಿಸಿದ್ದು ನಾ ಕಾಣೆ. ಒಬ್ಬೊಬ್ಬರ ಮನಿತನ ಒಂದೊಂದು, ಧರ್ಮ ಒಂದೊಂದು. ಯಾರು ಹೆಂಗ ತಡಕೋತಾರ ನೋಡು. ನಿನಗ ಎಣಿಸೋ ಚಟ ಐತಿ. ಎಣಸು.”

ಆ ದಿನ ನನಗೆ ನೆಲ ಕಾಲಿಗೆ ತಾಕಲಿಲ್ಲ. ನೂರು ಪುಟದ ಹೊಸ ವಹಿ ತಂದು ಕೆಂಪು ಮಸಿಯಲ್ಲಿ ಗೀಟು ಹಾಕಿದೆ. ತಾರೀಖು, ಬೆಳಗಿನ ಏಳರ ನಾಡಿ, ಮಧ್ಯಾಹ್ನ ಎರಡರ ನಾಡಿ, ಅಂದಿನ ಸುದ್ದಿ. ನಾಲ್ಕೇ ಅಂಕಣ.

ಸುದ್ದಿಗೆ ಆಗ ಬರವಿರಲಿಲ್ಲ. ಮುಂಡರಗಿಯಿಂದ ಆಚೆ ಕೆಲವೇ ಮೈಲಿಗೆ ನಿಜಾಮರ ಸೀಮೆ. ನಮಗೆ ಸ್ವಾತಂತ್ರ್ಯ ಬಂದು ವರ್ಷವಾಗಿತ್ತು. ಅಲ್ಲಿಗೆ ಅದು ಬಂದಿರಲಿಲ್ಲ. ನಮ್ಮ ಶಿರಹಟ್ಟಿ ಸೇರಿದ್ದ ಸಂಸ್ಥಾನ ಆ ವರ್ಷವೇ ಒಂದು ಗುಂಡೂ ಹಾರದೆ ವಿಲೀನವಾಗಿತ್ತು. ಗಡಿಯಾಚೆ ಮಾತ್ರ ನಿಜಾಮರ ಪರ ಕತ್ತಿ ಹಿಡಿದ ರಜಾಕಾರರ ಹಾವಳಿ ನಡೆದಿತ್ತು. ಜನ ಗಂಟು ಹೊತ್ತು ಗದಗ-ಬೆಟಗೇರಿಗೆ ಬಂದು ಧರ್ಮಶಾಲೆ, ಹತ್ತಿ ಗೋದಾಮು, ಕೊನೆಗೆ ನಮ್ಮ ಆಸ್ಪತ್ರೆಯ ಪಡಸಾಲೆಯನ್ನೂ ತುಂಬಿದ್ದರು. ಅದಕ್ಕಾಗಿ ಹೃದಯದ ರೋಗಿಗಳನ್ನೆಲ್ಲ ಹಿಂದಿನ ಒಂದೇ ಕೋಣೆಗೆ ತಂದಿದ್ದೆವು. ನಡುವೆ ಹಗ್ಗ ಕಟ್ಟಿ ಬಿಳಿ ಬಟ್ಟೆಯ ಪರದೆ. ಈಚೆ ಗಂಡಸರು, ಆಚೆ ಹೆಂಗಸರು.

ಮೂವರು ರೋಗಿಗಳು. ಮೂವರಿಗೂ ಗಡಿಯಾಚೆ ಒಬ್ಬೊಬ್ಬರು ಸಿಕ್ಕಿಬಿದ್ದಿದ್ದರು. ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಕ್ಕೀತು ಎಂದು ನಾನು ಹಿಗ್ಗಿದ್ದೆ. ಈಗ ಬರೆಯುವಾಗ ಆ ಹಿಗ್ಗಿಗೆ ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಅದೇ.

ಪರದೆಯ ಆಚೆ, ಕಿಟಕಿಯ ಪಕ್ಕ ಮುಳಗುಂದದ ಜೈನ ಮನೆತನದ ಅಜ್ಜಿ. ಎಲ್ಲರೂ ಆಕೆಗೆ ಆಯಿ ಎನ್ನುತ್ತಿದ್ದರು. ಅರವತ್ತೆಂಟು ವರ್ಷ. ಕಾಲು ಊದಿಕೊಂಡು, ಮಲಗಿದರೆ ದಮ್ಮು ಕಟ್ಟುತ್ತಿತ್ತು. ಒಬ್ಬನೇ ಮಗ ಕೊಪ್ಪಳದಲ್ಲಿ ಹತ್ತಿಯ ವ್ಯಾಪಾರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಆಕೆಯ ಪಕ್ಕದ ಮಂಚದಲ್ಲಿ ಹಮ್ಮಿಗಿಯ ಒಬ್ಬ ಹೆಣ್ಣುಮಗಳು. ಸಣ್ಣಂದಿನ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ಹಮ್ಮಿಗಿ ತವರು; ಗಂಡ ಇದ್ದದ್ದು ಗಡಿಯಾಚೆಯ ಹಳ್ಳಿಯಲ್ಲಿ. ಪರದೆಯ ಈಚೆ ಲಕ್ಷ್ಮೇಶ್ವರದ ಒಬ್ಬ ದರ್ಜಿ ಚಾಚಾ. ಅವರದೂ ದಮ್ಮು, ಕಾಲೂತ. ಮಗಳನ್ನು ಕೊಪ್ಪಳಕ್ಕೆ ಕೊಟ್ಟಿದ್ದರು. ಎರಡು ತಿಂಗಳಿಂದ ಆಕೆಯ ಕಾಗದವಿರಲಿಲ್ಲ.

ಮೂವರಿಗೂ ಒಂದೇ ಔಷಧ, ಡಿಜಿಟಾಲಿಸ್. ಅದೊಂದು ಗಿಡದ ಒಣಗಿದ ಎಲೆ. ಹೃದಯದ ಓಟವನ್ನು ತಗ್ಗಿಸಿ ಬಲ ಕೊಡುತ್ತದೆ. ಅಳತೆ ಮೀರಿದರೆ ಅದೇ ವಿಷ. ನಮ್ಮಲ್ಲಿ ಸ್ಪಿರಿಟಿನಲ್ಲಿ ತೆಗೆದ ಟಿಂಕ್ಚರ್ ಇತ್ತು. ಮೊದಲ ದಿನವೇ ಪೇಚಾಟ ಶುರುವಾಯಿತು.

“ತಮ್ಮಾ, ಇದರಾಗ ಸೆರೆ ವಾಸನಿ ಬರ್ತೈತಿ. ನಾ ಒಲ್ಲೆ,” ಎಂದರು ಆಯಿ.

ಪರದೆಯ ಈಚೆಯಿಂದ ಚಾಚಾ, “ಆಯಿ ಒಲ್ಲೆ ಅಂದದ್ದನ್ನ ನನಗ ಕೊಟ್ಟಗಿಟ್ಟೀರಿ ಕಂಪೌಂಡರ್ ಸಾಹೇಬ್ರ. ನಮಗೂ ಅದು ನಡಿಯಂಗಿಲ್ಲ,” ಎಂದರು.

ಹಮ್ಮಿಗಿಯವಳು ನಕ್ಕು, “ಯಣ್ಣಾ, ಇಬ್ಬರದೂ ನನಗ ಕೊಡ್ರಿ,” ಎಂದಳು.

ಹಾಗಾಗಿ ನಾನು ಎಲೆಯ ಪುಡಿಯನ್ನು ತಕ್ಕಡಿಯಲ್ಲಿ ತೂಗಿ, ಮೇಲೆ ಕುದಿಯುವ ನೀರು ಸುರಿದು, ಮುಚ್ಚಿಟ್ಟು, ಇಪ್ಪತ್ತು ನಿಮಿಷದ ಮೇಲೆ ಬಟ್ಟೆಯಲ್ಲಿ ಸೋಸುತ್ತಿದ್ದೆ. ಆಯಿಯ ನೀರನ್ನು ಜೈನರ ನಿಯಮದಂತೆ ಅದಕ್ಕೂ ಮೊದಲು ಎರಡು ಮಡಿಕೆ ಬಟ್ಟೆಯಲ್ಲಿ ಗಾಳಿಸಬೇಕು. ಇದು ಹೆಚ್ಚು ದಿನ ಇಟ್ಟರೆ ಕೆಡುತ್ತದೆ. ಆದ್ದರಿಂದ ಒಂದು ಬಾಟಲಿಗೆ ಎರಡು ದಿನದ ಔಷಧ: ದಿನಕ್ಕೆ ಮೂರು ಸಲ, ಒಟ್ಟು ಆರು ಸಲ. ಕಾಗದದ ಪಟ್ಟಿಯನ್ನು ಮಡಚಿ, ಕತ್ತರಿಯಿಂದ ಕಚ್ಚು ಹಾಕಿ, ಗೋಂದಿನಲ್ಲಿ ಬಾಟಲಿಗೆ ಅಂಟಿಸಿದರೆ ಆರು ಗೆರೆಯಾಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಒಂದು ಗೆರೆ, ಮಧ್ಯಾಹ್ನ ಎರಡಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು. ಬಾಟಲಿ ಮಂಚದ ಪಕ್ಕದ ಸ್ಟೂಲಿನ ಮೇಲೇ ಇರುತ್ತಿತ್ತು.

“ಒಂದು ಗೆರೀನೂ ಉಳಿಸಬಾರದು ನೋಡ್ರಿ ಆಯಿ,” ಎಂದು ಸಾಹೇಬರು ಮೊದಲ ದಿನ ಹೇಳಿದ್ದರು. ಆಯಿ ತಲೆಯಾಡಿಸಿದ್ದರು. ಆ ತಲೆಯಾಡಿಸುವಿಕೆಯನ್ನು ನಾನು ಮುಂದೆ ಎಷ್ಟೋ ಸಲ ನೆನೆಸಿಕೊಂಡೆ.

ಸೆಪ್ಟೆಂಬರ್ ಮೊದಲ ವಾರ ನನ್ನ ಅಂಕಣಗಳು ತುಂಬತೊಡಗಿದವು. ಒಂದು ನಿಮಿಷ ಪೂರ್ತಿ ಎಣಿಸುತ್ತಿದ್ದೆ, ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವ ಸೋಮಾರಿತನ ನನ್ನದಲ್ಲ. ಹಮ್ಮಿಗಿಯವಳ ನಾಡಿ ತಾಳ ತಪ್ಪಿ ಓಡುತ್ತಿತ್ತು. ಅದನ್ನು ಎದೆಗೆ ಸ್ಟೆಥಾಸ್ಕೋಪ್ ಇಟ್ಟೇ ಎಣಿಸಬೇಕು. ಅವಳದು ನೂರರ ಆಚೀಚೆ. ಚಾಚಾ ಅವರದು ಬೆಳಿಗ್ಗೆ ಎಂಬತ್ತೆರಡು, ಮಧ್ಯಾಹ್ನ ತೊಂಬತ್ತೆಂಟು, ಒಂದು ದಿನ ನೂರಾ ನಾಲ್ಕು. ಆಯಿಯದು ಎಂಬತ್ತನಾಲ್ಕು.

ಎಂಟನೆಯ ತಾರೀಖಿನಿಂದ ಆಯಿಯ ಅಂಕಣದಲ್ಲಿ ಒಂದು ಅದ್ಭುತ ಶುರುವಾಯಿತು. ಅಂದಿನಿಂದ ಜೈನರ ದಶಲಕ್ಷಣ ಪರ್ವ. ಹತ್ತು ದಿನ ವ್ರತ. ಆಯಿ ದಿನಕ್ಕೊಮ್ಮೆ ಒಂದಿಷ್ಟು ಗಂಜಿ ಉಣ್ಣುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಇಲ್ಲ, ಮಾತೂ ಇಲ್ಲ. ಜಪಮಣಿ ಹಿಡಿದು ಕಣ್ಣು ಮುಚ್ಚಿಬಿಡುತ್ತಿದ್ದರು. ನಾಡಿ ಎಂಬತ್ತು, ಎಪ್ಪತ್ತಾರು, ಎಪ್ಪತ್ತೆರಡು, ಅರವತ್ತಾರು. ಹೊರಗೆ ಹುಬ್ಬಳ್ಳಿಯ ಕಡೆಯಿಂದ ಸೈನಿಕರು ತುಂಬಿದ ಗಾಡಿಗಳು ಬರುತ್ತಿವೆ, ಸ್ಟೇಷನ್ನಿನಲ್ಲಿ ಜೈಕಾರ ಕೇಳುತ್ತಿದೆ, ಕೊಪ್ಪಳದ ಕಡೆಯ ಸುದ್ದಿ ದಿನದಿನಕ್ಕೆ ಕೆಡುತ್ತಿದೆ. ಆಯಿಯ ನಾಡಿ ಮಾತ್ರ ಇಳಿಯುತ್ತಿದೆ!

ಹನ್ನೊಂದರಂದು ನಾನು ವಹಿಯಲ್ಲಿ ತೀರ್ಮಾನ ಬರೆದೆ. ಅಕ್ಷರಶಃ ಹೀಗಿದೆ: “ವ್ರತನಿಯಮ ಉಳ್ಳವರು ಯುದ್ಧದ ಆತಂಕವನ್ನು ಎಲ್ಲರಿಗಿಂತ ಚೆನ್ನಾಗಿ ತಡೆಯುತ್ತಾರೆ. ಲಕ್ಷ್ಮೇಶ್ವರದ ರೋಗಿ ಧೈರ್ಯ ತೋರಿಸುತ್ತಾರಾದರೂ ಒಳಗೆ ಬಹಳ ಹೆದರಿದ್ದಾರೆ. ಮಧ್ಯಾಹ್ನದ ನಾಡಿ ಸಾಕ್ಷಿ. ಹಮ್ಮಿಗಿಯ ರೋಗಿಗೆ ಮಾತು ಹೆಚ್ಚಾಗಿ ತೊಂದರೆ, ಮೌನವಾಗಿರಿಸಬೇಕು.” ಕೆಳಗೆ ಎರಡು ಗೀಟು ಬೇರೆ ಎಳೆದಿದ್ದೆ.

ಸಾಹೇಬರು ಓದಿ ಮೀಸೆಯಲ್ಲೇ ನಕ್ಕರು. “ಭಾಳ ಜಲ್ದಿ ತೀರ್ಮಾನಕ್ಕ ಬಂದಿ. ಆದ್ರೂ ಆಯಿ ನಾಡಿ ಛಲೋ ಐತಿ,” ಎಂದರು. ಮರುದಿನ, ಹನ್ನೆರಡರಂದು, ಗಡಿಯ ಗಾಯಾಳುಗಳನ್ನು ನೋಡಲು ಔಷಧದ ಪೆಟ್ಟಿಗೆಗಳ ಸಮೇತ ಮುಂಡರಗಿಗೆ ಹೊರಟರು. ಹುಬ್ಬಳ್ಳಿಯಿಂದ ಬದಲಿ ಡಾಕ್ಟರು ಮರುದಿನವೇ ಬರುವುದಿತ್ತು. ಜೀಪು ಹತ್ತುವಾಗ ಸಾಹೇಬರು ಹೇಳಿದ್ದು ಒಂದೇ ಮಾತು: “ಯಾರದಾದ್ರೂ ನಾಡಿ ಅರವತ್ತಕ್ಕಿಂತ ಕೆಳಗಿಳಿದ್ರ ಔಷಧ ಕೊಡೋ ಮೊದಲ ಡಾಕ್ಟರಿಗೆ ಹೇಳು.”

ಹದಿಮೂರು, ಸೋಮವಾರ. ನಮ್ಮ ಸೈನ್ಯ ನಿಜಾಮರ ಸೀಮೆಯೊಳಗೆ ನುಗ್ಗಿತು. ಎದುರಿನ ಅಡತಿಯ ಅಂಗಡಿಯವರು ರೇಡಿಯೋವನ್ನು ಕಟ್ಟೆಗೆ ತಂದಿಟ್ಟಿದ್ದರು. ರಸ್ತೆ ತುಂಬ ಜನ. ಬೆಟಗೇರಿಯ ನೇಕಾರರು ಮಗ್ಗ ನಿಲ್ಲಿಸಿ ಬಂದಿದ್ದರು. ನಾನು ಗಡಿಯಾರ ಹಿಡಿದು ಕೋಣೆಗೂ ಕಟ್ಟೆಗೂ ಓಡಾಡುತ್ತಿದ್ದೆ. ಇಂಥ ದಿನ ಮತ್ತೆ ಎಣಿಸಲು ಸಿಗುವುದಿಲ್ಲ ಎಂದು ನನ್ನ ಎದೆಯೇ ಹಾರುತ್ತಿತ್ತು.

ಹಮ್ಮಿಗಿಯವಳು ಮಂಚದ ಮೇಲೆ ಎದ್ದು ಕುಳಿತು ರಜಾಕಾರರ ಏಳು ತಲೆಮಾರನ್ನು ಬಯ್ಯುತ್ತಿದ್ದಳು.

“ಏ, ಬಾಯಿ ಮುಚ್ಚವಾ! ಎದಿ ಒಡದೀತು!” ಎಂದು ಹಗಲು ಪಾಳಿಯ ನರ್ಸಬಾಯಿ ಗದರಿದರು.

“ಬಾಯಿ ಮುಚ್ಚಿದ್ರನ ಒಡೀತೈತ್ರೀ!”

ಚಾಚಾ ಗೋಡೆಗೆ ಒರಗಿ ಯಾರದೋ ಅಂಗಿಗೆ ಕಾಜು ಹಾಕುತ್ತಿದ್ದರು. ಹಾಸಿಗೆಯಲ್ಲೂ ಸೂಜಿ ಬಿಟ್ಟವರಲ್ಲ. “ನೋಡ್ರಿ ಲೆಕ್ಕದ ಸಾಹೇಬ್ರ, ಒಂದಕ್ಕೂ ಕೈ ನಡುಗಿಲ್ಲ,” ಎಂದು ತೋರಿಸಿದರು. ಎರಡು ಗಂಟೆಯ ನಾಡಿ ಮಾತ್ರ ನೂರಾ ಎರಡು. ನಾನು ಒಳಗೊಳಗೇ, ನೀವು ಮುಚ್ಚಿಟ್ಟರೂ ನಾಡಿ ಹೇಳುತ್ತದೆ ಎಂದುಕೊಂಡೆ.

ಆಯಿ: ಐವತ್ತಾರು.

ಎರಡು ಸಲ ಎಣಿಸಿದೆ. ಐವತ್ತಾರೇ. ಯುದ್ಧ ಶುರುವಾದ ದಿನ, ಮಗ ಆಚೆ ಇರುವಾಗ! ಸಾಹೇಬರ ಮಾತು ನೆನಪಾಗಲಿಲ್ಲವೆಂದಲ್ಲ. ಆಯಿಯ ಎರಡು ಗಂಟೆಯ ಗೆರೆ ಆಗಲೇ ಹೊಟ್ಟೆಗೆ ಹೋಗಿತ್ತು. ಹೇಳಲು ಡಾಕ್ಟರೂ ಇರಲಿಲ್ಲ, ಬದಲಿಯವರು ಗಾಡಿ ಸಿಗದೆ ಹುಬ್ಬಳ್ಳಿಯಲ್ಲೇ ಉಳಿದಿದ್ದರು, ಆ ವಾರವೆಲ್ಲ ಬರಲೇ ಇಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ತೀರ್ಮಾನಕ್ಕೆ ಆ ಅಂಕಿ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಅದನ್ನು ಕಾಯಿಲೆಯೆಂದು ನೋಡಲು ಮನಸ್ಸೇ ಒಪ್ಪಲಿಲ್ಲ.

ಆಯಿ ನನ್ನ ಕೈಹಿಡಿದು ಮೆಲ್ಲಗೆ ಕೇಳಿದರು: “ತಮ್ಮಾ, ನರ್ಸಬಾಯಿ ಯಾಕ ಹಳದಿ ಸೀರಿ ಉಟ್ಟಾಳ? ಯುದ್ಧಕ್ಕ ಏನರ ಶಾಸ್ತ್ರ ಮಾಡಾಕ ಹತ್ತ್ಯಾರೇನು?”

ನರ್ಸಬಾಯಿಯ ಸೀರೆ ಎಂದಿನಂತೆ ಬಿಳಿಯದು. ನಾನು ನಕ್ಕುಬಿಟ್ಟೆ. ವ್ರತದ ನಿಶ್ಶಕ್ತಿ, ಕಣ್ಣು ಮಂಜು ಎಂದುಕೊಂಡೆ. ಆ ಮಾತನ್ನು ದಿನಚರಿಯಲ್ಲಿ ತಮಾಷೆಯೆಂದು ಬರೆದೂ ಇಟ್ಟೆ.

ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಕೋಣೆಗೆ ಹೋಗಲಾಗಲಿಲ್ಲ. ಪಡಸಾಲೆಯಲ್ಲಿ ಇಪ್ಪತ್ತು ಜನ ಬಾಟಲಿ ಹಿಡಿದು ನಿಂತಿದ್ದರು. ಎಂಟೂಕಾಲಿಗೆ ನರ್ಸಬಾಯಿ ಆಯಿಯ ಖಾಲಿ ಬಾಟಲಿ ಹಿಡಿದು ಬಂದರು.

“ಜಲ್ದಿ ತುಂಬಿ ಕೊಡ್ರಿ. ಒಂದು ಗೆರಿ ಕೊಟ್ಟೆ, ಬಾಟ್ಲಿ ಮುಗೀತು. ಇನ್ನೊಂದು ಗೆರಿ ಕೊಡಬೇಕು. ಆಯಿ ಬೆಳಿಗ್ಗಿಂದ ಕಾರಾಕ ಹತ್ತ್ಯಾರ, ಇಷ್ಟರ ಹೊಟ್ಟ್ಯಾಗ ಹೋಗಲಿ.”

ನಾನು ಕೈಗೆ ಸೌಟು ತೆಗೆದುಕೊಂಡವನು ನಿಂತೆ. “ಇನ್ನೊಂದು ಯಾವ ಗೆರಿ?”

“ರಾತ್ರಿದು. ರಾತ್ರಿ ಪಾಳಿಯಾಕಿ ದಿನಾ ‘ಕುಡಿದಿಲ್ಲ’ ಅಂತ ಬರದಿರ್ತಾಳ. ಅದನ್ನ ನಾ ಬೆಳಿಗ್ಗೆ ಕೂಡಿಸಿ ಕೊಡ್ತೀನಲ್ಲ.”

ಅದು ಒಂದು ರೀತಿ ಸರಿಯೇ. ಹೊತ್ತು ಮುಳುಗಿದ ಮೇಲೆ ಆಯಿ ಏನೂ ಕುಡಿಯುವುದಿಲ್ಲ; ಆ ಗೆರೆ ಬೆಳಿಗ್ಗೆ ಹೋದರೆ ಲೆಕ್ಕ ಸಮ. ಹಾಗಾದರೆ ಬಾಟಲಿ ಇವತ್ತೇ ಏಕೆ ಮುಗಿಯಿತು?

ಔಷಧದ ವಹಿ ತೆಗೆದೆ. ಎಂಟನೆಯ ತಾರೀಖಿನಿಂದ ಆಯಿಯ ಹೆಸರಿಗೆ ನಾಲ್ಕು ಬಾಟಲಿ. ನಾಲ್ಕು ಆರಲೆ ಇಪ್ಪತ್ತನಾಲ್ಕು ಗೆರೆ. ಎಂಟರಿಂದ ಹದಿಮೂರರವರೆಗೆ ಆರು ದಿನಕ್ಕೆ ಹದಿನೆಂಟು, ಇವತ್ತಿನದು ಒಂದು, ಹತ್ತೊಂಬತ್ತು ಹೋಗಬೇಕಿತ್ತು. ಐದು ಗೆರೆ ಹೆಚ್ಚು ಹೋಗಿದ್ದವು. ಆ ನಾಲ್ಕೂ ಬಾಟಲಿಗಳನ್ನು ಕೊಟ್ಟವನು ನಾನು. ಅವುಗಳ ತಾರೀಖು ಬರೆದವನೂ ನಾನು. ನಾಡಿಯ ವಹಿಯನ್ನು ದಿನಕ್ಕೆ ಹತ್ತು ಸಲ ಓದುತ್ತಿದ್ದವನು ಪಕ್ಕದಲ್ಲೇ ಇದ್ದ ಈ ವಹಿಯನ್ನು ಒಮ್ಮೆಯೂ ಅದರ ಜೊತೆಗೆ ಇಟ್ಟು ನೋಡಿರಲಿಲ್ಲ.

ಓಡಿದೆ. ಆಯಿ ಕಣ್ಣು ಮುಚ್ಚಿ ಮಲಗಿದ್ದರು. ನಾಡಿ ನಲವತ್ತೆಂಟು. ನಡುನಡುವೆ ಒಂದು ಬಡಿತ ಬಾರದೇ ಹೋಗುತ್ತಿತ್ತು. ನನ್ನ ಬೆರಳು ಕಾಯುತ್ತಿತ್ತು. ಕಾದು ಕಾದು ಮುಂದಿನದು ಬರುತ್ತಿತ್ತು.

“ಆಯಿ, ಬಾಟಲಿಯಿಂದ ನೀವಾಗಿ ಔಷಧ ಕುಡದೀರೇನು?”

ಅವರು ಬಾಯಿ ತೆರೆಯುವ ಮೊದಲೇ ಪಕ್ಕದ ಮಂಚದಿಂದ ಹಮ್ಮಿಗಿಯವಳು ಹೇಳಿದಳು: “ದಿನಾ ಕುಡೀತಾರಲ್ಲ ಯಣ್ಣಾ. ಹೊತ್ತು ಮುಳಗೋಕಿಂತ ಮೊದ್ಲ ರಾತ್ರಿ ಗೆರಿ ಕುಡದು, ಬಾಯಿ ತೊಳಕೊಂಡು, ಆಮ್ಯಾಲ ಮೌನ ಹಿಡೀತಾರ. ನೀವ ಹೇಳಿದ್ದಿಲ್ಲೇನು?”

“ನೀ ಯಾಕ ಹೇಳಲಿಲ್ಲವಾ?”

“ನನಗ ಬಾಯಿ ಮುಚ್ಚು ಅಂದಿದ್ರಿ.”

ಆಯಿ ಕಣ್ಣು ತೆರೆದರು. “ಒಂದು ಗೆರೀನೂ ಉಳಿಸಬಾರದು ಅಂದಿದ್ರಲ್ಲಪ್ಪಾ ಸಾಹೇಬ್ರು. ಅದಕ್ಕ ಹೊತ್ತಿರುವಾಗನ ಮುಗಸ್ತಿದ್ದೆ. ಬೆಳಿಗ್ಗೆ ನರ್ಸಬಾಯಿ ಎರಡೆರಡು ಕೊಟ್ಲು. ಸಾಹೇಬ್ರು ಹೆಚ್ಚು ಮಾಡ್ಯಾರ ಅನಕೊಂಡೆ.”

ಅಷ್ಟೇ. ರಾತ್ರಿ ಎಂಟಕ್ಕೆ ನರ್ಸ್ ಔಷಧ ಹಿಡಿದು ಬಂದಾಗ ಆಯಿ ಮೌನದಲ್ಲಿದ್ದು ಕೈಯಾಡಿಸುತ್ತಿದ್ದರು. ‘ನನ್ನದಾಗಿದೆ’ ಎಂಬ ಅರ್ಥದ ಆ ಕೈಸನ್ನೆಯನ್ನು ನರ್ಸ್ ‘ಬೇಡ’ ಎಂದು ಓದಿ ‘ಕುಡಿದಿಲ್ಲ’ ಎಂದು ಬರೆಯುತ್ತಿದ್ದಳು. ಬೆಳಗಿನವರು ಬಾಕಿ ತೀರಿಸುತ್ತಿದ್ದರು. ಎಲ್ಲರೂ ತಮ್ಮ ತಮ್ಮ ನಿಯಮ ಪಾಲಿಸಿದ್ದರು. ಎಲ್ಲದರ ಕೆಳಗೆ ನಾನು ‘ಚೆನ್ನಾಗಿ ತಡೆಯುತ್ತಾರೆ’ ಎಂದು ಬರೆದು ಗೀಟು ಎಳೆದಿದ್ದೆ. ನಾಡಿ ಇಳಿಸಿದ್ದು ಪರ್ವವಲ್ಲ, ನನ್ನ ಎಲೆ. ಹಳದಿ ಕಾಣುವುದು ಆ ವಿಷದ ಗುರುತೆಂದು ನನ್ನ ಔಷಧದ ಪುಸ್ತಕದಲ್ಲೇ ಇತ್ತು. ನಾನೇ ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ.

ಮಂಚಕ್ಕೆ ಕಟ್ಟಿದ್ದ ಹಾಳೆಯಲ್ಲಿ ಸಾಹೇಬರ ಕೈಬರಹ: ‘ಔಷಧ ಮುಂದುವರಿಸಿ.’ ನಾನು ಪೆನ್ಸಿಲ್ ತೆಗೆದು ಅದರ ಮೇಲೆ ಗೀಟು ಹೊಡೆದೆ.

ನರ್ಸಬಾಯಿಯ ಮುಖ ಕೆಂಪಾಯಿತು. “ಸಾಹೇಬ್ರು ಬರದದ್ದರ ಮ್ಯಾಲ ಗೀಟ ಹೊಡಿಯಾಕ ನೀವ್ಯಾರು? ಕಂಪೌಂಡರ್ ಅದೀರಿ, ಡಾಕ್ಟರ್ ಅಲ್ಲ. ನೌಕರಿ ಹೋಗ್ತದ ನೋಡ್ರಿ.”

“ಹೋಗಲಿ ಬಾಯಿ. ಆಯಿ ಹೋಗಬಾರದು.”

ಗೀಟಿನ ಪಕ್ಕ ತಾರೀಖು, ವೇಳೆ, ನನ್ನ ಸಹಿ ಹಾಕಿದೆ. ನಂತರ ಬಾಟಲಿಗಳ ಲೆಕ್ಕ, ನಾಡಿಯ ಲೆಕ್ಕ, ಹಳದಿ ಸೀರೆಯ ಮಾತು, ನನ್ನ ತಪ್ಪು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಮುಂಡರಗಿಗೆ ಹೊರಟಿದ್ದ ಲಾರಿಯ ಡ್ರೈವರನ ಅಂಗಿಯ ಜೇಬಿಗೆ ನಾನೇ ತುರುಕಿದೆ.

ಔಷಧ ನಿಲ್ಲಿಸಿದ್ದರಿಂದಲೇ ಎಲ್ಲ ಮುಗಿಯಲಿಲ್ಲ. ಹೊಟ್ಟೆಗೆ ಹೋದದ್ದು ಕರಗಿ ಹೊರಬೀಳಲು ದಿನಗಳು ಬೇಕು. ಅದಕ್ಕೆ ನೀರು ಹೋಗಬೇಕು. ಆಯಿ ವಾರದಿಂದ ಸರಿಯಾಗಿ ನೀರನ್ನೇ ಕುಡಿದಿರಲಿಲ್ಲ. ಪರ್ವ ಮುಗಿಯಲು ಇನ್ನೂ ನಾಲ್ಕು ದಿನ.

“ಪರ್ವ ಮುರಿದ್ರ ಮಗನಿಗೆ ಕೇಡು,” ಎಂದು ಆಯಿ ಹಟ ಹಿಡಿದರು. “ನಾ ಉಳಿಯೋದಕ್ಕಿಂತ ಅಂವ ಬರೋದು ದೊಡ್ಡದು.” ನಾನು ಕೈಮುಗಿದೆ. ನರ್ಸಬಾಯಿ ಗದರಿದರು. ಆಯಿ ಮುಖ ಗೋಡೆಗೆ ತಿರುಗಿಸಿದರು.

ಆಗ ಪರದೆಯ ಈಚೆಯಿಂದ ಚಾಚಾ ಮಾತು ತೆಗೆದರು. “ಆಯಿ, ನಮ್ಮ ರೋಜಾದಾಗ ಬ್ಯಾನಿ ಇದ್ದವಗ ಮಾಫ್ ಐತಿ. ನಿಮ್ಮ ದೇವರು ಅಷ್ಟು ಬಿಗಿ ಅದಾನೇನು?”

“ನಮ್ಮ ದೇವರು ಬಿಗಿ ಇಲ್ಲಪ್ಪಾ. ನಾವ ಬಿಗಿ.”

“ಹಂಗಾರ ಸ್ವಲ್ಪ ಸಡಲ ಮಾಡ್ರಿ.”

ಆಯಿ ಗೋಡೆಯಿಂದ ಈಚೆ ಹೊರಳಿದರು. ಧ್ವನಿ ಕ್ಷೀಣವಾಗಿತ್ತು, ಮಾತು ಮಾತ್ರ ಮೊನಚಾಗಿತ್ತು. “ಭಾಳ ಶಾಣ್ಯಾ ಅದಿ. ನಿನಗೂ ಮಾಫ್ ಇರಬೇಕಲ್ಲ? ಮತ್ತ ದಿನಾ ಮಧ್ಯಾಹ್ನ ನೀ ಯಾಕ ನಿಂತು ಬಗ್ಗಿ ನಮಾಜ ಮಾಡ್ತಿ? ಡಾಕ್ಟರ್ ನಿನಗ ಏಳಬ್ಯಾಡ ಅಂದಿಲ್ಲೇನು? ಪರದೆ ಮ್ಯಾಲ ನಿನ್ನ ನೆರಳು ಏಳತೈತಿ, ಬೀಳತೈತಿ. ನನಗೇನು ಕಾಣೂದಿಲ್ಲಂತ ತಿಳದೀ?”

ನಾನು ಪರದೆ ಸರಿಸಿ ಚಾಚಾನ ಕಡೆ ತಿರುಗಿದೆ. ಕೈಯಲ್ಲಿ ವಹಿ ಇತ್ತು. ಮಧ್ಯಾಹ್ನ ಎರಡು: ತೊಂಬತ್ತೆಂಟು, ನೂರಾ ನಾಲ್ಕು, ನೂರಾ ಎರಡು. ‘ಒಳಗೆ ಬಹಳ ಹೆದರಿದ್ದಾರೆ.’

“ನಾ ಬರೋದಕ್ಕಿಂತ ಮೊದಲೇನ್ರಿ ಚಾಚಾ?”

“ಮುಗಿಸಿ, ಮಲಕೊಂಡು, ಚಾದರ ಹೊಚ್ಚಿಕೊಳ್ಳೂದ್ರಾಗ ನೀವು 'ಕೈ ಕೊಡ್ರಿ' ಅಂತ ಬರ್ತಿದ್ರಿ,” ಎಂದು ತಲೆ ತಗ್ಗಿಸಿದರು. ನಂತರ ಪರದೆಗೆ ಹೇಳುವಂತೆ ಹೇಳಿದರು: “ಕುಂತು ಮಾಡಬೌದು ಅಂತ ನನಗ ಗೊತ್ತೈತಿ ಆಯಿ. ಮಲಗಿ ಮಾಡಿದ್ರೂ ನಡೀತದ. ಖರೆ, ಮಗಳು ಆಕಡೆ ಅದಾಳ. ಕೇಳೋದು ಅಷ್ಟು ದೊಡ್ಡದಿದ್ದಾಗ ಕುಂತು ಹೆಂಗ ಕೇಳಲಿ?”

ಆಯಿ ಜಪಮಣಿಯನ್ನು ದಿಂಬಿನ ಕೆಳಗಿಟ್ಟರು. “ನೀ ಕುಂತು ಕೇಳು. ನಾ ನೀರು ಕುಡೀತೀನಿ, ಹೊತ್ತಿರೋತನಕ. ಮುಳುಗಿದ ಮ್ಯಾಲ ಮಾತ್ರ ನನ್ನ ಕಾಡಬ್ಯಾಡ್ರಿ,” ಎಂದರು.

“ಕಬೂಲ್,” ಎಂದರು ಚಾಚಾ.

ಹಮ್ಮಿಗಿಯವಳು ಚಪ್ಪಾಳೆ ತಟ್ಟಿದಳು. ಗದರಲು ನರ್ಸಬಾಯಿ ಬಾಯಿ ತೆರೆದಾಗ ನಾನು ಕೈ ಅಡ್ಡ ಮಾಡಿದೆ. ನನಗೊಂದು ವಿಚಾರ ಹೊಳೆದಿತ್ತು. “ತಂಗೀ, ನಿನಗೊಂದು ಕೆಲಸ ಐತಿ. ಆಯಿ ಎಷ್ಟು ಬಟ್ಟಲು ನೀರು ಕುಡಿದ್ರು, ಏನು ಮಾಡಿದ್ರು, ಏನಂದ್ರು, ಎಲ್ಲಾ ನನಗ ಕೂಗಿ ಹೇಳಬೇಕು. ಬಾಯಿ ಮುಚ್ಚಬ್ಯಾಡ.”

ಮುಂದಿನ ಎರಡು ದಿನ ಆ ಆಸ್ಪತ್ರೆಯಲ್ಲಿ ಅಷ್ಟು ಸದ್ದು ಹಿಂದೆಂದೂ ಇರಲಿಲ್ಲ. “ಯಣ್ಣಾ, ಐದನೇ ಬಟ್ಟಲಾ!” “ಯಣ್ಣಾ, ಹಾಲು ಕುಡಿದ್ರು, ಕಾರಲಿಲ್ಲ!” “ಯಣ್ಣಾ, ಮೋಸಂಬಿ ರಸ ಹುಳಿ ಅಂತ ಮಾರಿ ಕಿವಚಿದ್ರು, ಖರೆ ಒಳಗ ಇಳೀತು!” ಪ್ರತಿ ಬಟ್ಟಲು ನೀರನ್ನೂ ನಾನೇ ಎರಡು ಮಡಿಕೆ ಬಟ್ಟೆಯಲ್ಲಿ ಗಾಳಿಸುತ್ತಿದ್ದೆ. ಗಂಟೆಗೊಮ್ಮೆ ನಾಡಿ.

ಆದರೂ ಹದಿನೈದರ ಬೆಳಿಗ್ಗೆ ನಲವತ್ತನಾಲ್ಕು. ನಿಲ್ಲಿಸಿದ ಮೇಲೂ ಇಳಿದಿತ್ತು! ಕಟ್ಟೆಯ ಮೇಲೆ ರೇಡಿಯೋ ಸೈನ್ಯ ಮುಂದೆ ಹೋದದ್ದನ್ನು ಸಾರುತ್ತಿತ್ತು, ಜನ ಕುಣಿಯುತ್ತಿದ್ದರು. ನನಗೆ ಒಂದು ನಿಮಿಷದಲ್ಲಿ ಎಷ್ಟು ಬಡಿತ ಎಂಬುದರ ಹೊರತು ಯಾವ ಸುದ್ದಿಯೂ ಕಿವಿಗೆ ಬೀಳುತ್ತಿರಲಿಲ್ಲ.

ಆ ಸಂಜೆ ಲಾರಿಯ ಡ್ರೈವರ್ ಉತ್ತರ ತಂದ. ನನ್ನ ಹಾಳೆಯ ಬೆನ್ನ ಮೇಲೇ ಸಾಹೇಬರ ಪೆನ್ಸಿಲ್ ಬರಹ: “ನಿಲ್ಲಿಸಿದ್ದು ಬರೋಬರಿ. ಒಂದು ಹನಿ ಸಹ ಕೊಡಬೇಡ. ನೀರು, ಹಾಲು, ಹಣ್ಣಿನ ರಸ. ಮಂಚದಿಂದ ಏಳಗೊಡಬೇಡ. ಇನ್ನೂ ಒಂದು ದಿನ ಇಳಿಯಬಹುದು, ಹೆದರಬೇಡ. ಹೆದರಿದರೆ ಆಯಿಗೆ ಕಾಣದಂತೆ ಹೆದರು.”

ಆ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೆಂದು ಮಾತ್ರ ನಾನು ಎಣಿಸಿಲ್ಲ.

ಹದಿನಾರರ ಬೆಳಿಗ್ಗೆ ನಲವತ್ತೆಂಟು. ಮಧ್ಯಾಹ್ನ ಐವತ್ತೆರಡು. ತಪ್ಪುತ್ತಿದ್ದ ಬಡಿತಗಳು ನಿಮಿಷಕ್ಕೆ ಎಂಟರಿಂದ ಮೂರಕ್ಕೆ ಇಳಿದವು. ಹದಿನೇಳು, ಶುಕ್ರವಾರ, ಪರ್ವದ ಕೊನೆಯ ದಿನ: ಅರವತ್ತು. ಬಡಿತ ಒಂದೂ ತಪ್ಪಲಿಲ್ಲ. ಅಂದೇ ಸಂಜೆ ನಿಜಾಮರು ಶರಣಾದ ಸುದ್ದಿ ಬಂತು. ಗದಗಿನಲ್ಲಿ ಪಟಾಕಿ ಹಾರಿದವು. ನಾನು ಕಟ್ಟೆಯ ಮೇಲೆ ಜನರ ಜೊತೆ ಗಂಟಲು ಹರಿಯುವಂತೆ ಕೂಗಿದೆ. ಕೂಗಿದ್ದು ಆ ಸುದ್ದಿಗೂ, ಆಯಿಯ ಅರವತ್ತಕ್ಕೂ.

ಉಳಿದ ಇಬ್ಬರ ಅಂಕಣವನ್ನೂ ಆಗ ಶಾಂತವಾಗಿ ನೋಡಿದೆ. ಕುಳಿತು ನಮಾಜು ಶುರುಮಾಡಿದ ದಿನದಿಂದ ಚಾಚಾನ ಮಧ್ಯಾಹ್ನದ ನಾಡಿ ಎಂಬತ್ತನಾಲ್ಕು, ಎಂಬತ್ತಾರು. ಹಮ್ಮಿಗಿಯವಳದು, ಕೂಗುವ ಕೆಲಸ ಸಿಕ್ಕ ಮೇಲೆ, ನೂರಾ ಎಂಟರಿಂದ ತೊಂಬತ್ತೆರಡಕ್ಕೆ ಇಳಿದಿತ್ತು. ಅವಳ ಗಂಡ ಹದಿನೆಂಟರಂದು ಮುಂಡರಗಿಯಿಂದ ನಡೆದುಕೊಂಡೇ ಬಂದ. ಬಂದವನನ್ನು ಅವಳು ಮೊದಲು ಐದು ನಿಮಿಷ ಬೈದಳು.

ಅದೇ ಬೆಳಿಗ್ಗೆ ನರ್ಸಬಾಯಿ ಗಂಜಿ ತಂದಾಗ ಆಯಿ ಕಣ್ಣು ಕಿರಿದು ಮಾಡಿ ನೋಡಿದರು. “ಇವತ್ತ ಸೀರಿ ಒಗದು ಉಟ್ಟಿ ನೋಡವಾ. ಬೆಳ್ಳಗೈತಿ.”

ನರ್ಸಬಾಯಿ ಬಟ್ಟಲು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಬೆನ್ನು ತಿರುಗಿಸಿ ನಿಂತರು. ಹದಿನಾಲ್ಕರ ಮೇಲೆ ನಾವಿಬ್ಬರೂ ಅಷ್ಟಾಗಿ ಮಾತಾಡಿರಲಿಲ್ಲ. ಅಂದು ಅವರೇ ನನಗೊಂದು ಲೋಟ ಚಹಾ ತಂದುಕೊಟ್ಟರು.

ಸಾಹೇಬರು ಇಪ್ಪತ್ತೊಂದರ ಮಧ್ಯಾಹ್ನ ಬಂದರು. ಬಟ್ಟೆಯೆಲ್ಲ ಕೆಂಧೂಳು. ನಾನು ಎರಡೂ ವಹಿ ಮುಂದಿಟ್ಟು, ಅವರ ಕೈಗಡಿಯಾರವನ್ನು ಅದರ ಮೇಲಿಟ್ಟೆ. “ಇದು ತಗೊಳ್ರಿ ಸಾಹೇಬ್ರ. ನನಗ ಇದರ ಲಾಯಕಿ ಇಲ್ಲ.”

ಅವರು ಹನ್ನೊಂದನೆಯ ತಾರೀಖಿನ ಪುಟ ತೆಗೆದರು. ತೀರ್ಮಾನದ ಮೇಲೆ ನಾನು ಎಳೆದ ದೊಡ್ಡ ಕಾಟು ಅಲ್ಲಿತ್ತು. “ಆ ದಿನ ನಾನೂ ‘ಛಲೋ ಐತಿ’ ಅಂದಿದ್ದೆ. ಅದನ್ನೂ ಬರಿ,” ಎಂದರು. ನಂತರ ಕೆಂಪು ಮಸಿ ತೆಗೆದು, ಪುಟದ ಅಂಚಿಗೆ ಐದನೆಯ ಅಂಕಣ ಎಳೆದು, ತಲೆಯ ಮೇಲೆ ‘ಕೇಳಿದ್ದು’ ಎಂದು ಬರೆದರು. “ಎಣಿಸೋ ಮೊದಲ ಬಾಯಿಬಿಟ್ಟು ಕೇಳು. ಏನು ಉಂಡ್ರು, ಏನು ಬಿಟ್ರು, ಈಗ ಏನು ಮಾಡಾಕ ಹತ್ತಿದ್ರು, ಯಾಕ ಮಾಡಿದ್ರು. ಹಿಡಿ ಗಡಿಯಾರ. ಎರಡು ಗಂಟೆ ಆತು. ನಡಿ.”

ಮೊದಲು ಆಯಿ. ಕೇಳಿದೆ. ಗಂಜಿ ಉಂಡಿದ್ದರು, ನಿದ್ದೆ ಬಂದಿತ್ತು, ಜಪ ಮುಗಿದಿತ್ತು. ನಾಡಿ ಎಪ್ಪತ್ತೆರಡು. ಬರೆಯುತ್ತಿರುವಾಗ ಬಾಗಿಲಲ್ಲಿ ಒಬ್ಬರು ನಿಂತರು. ವಾರದ ಗಡ್ಡ, ಒಂದು ಕಾಲಿಗೆ ಚಪ್ಪಲಿ ಇಲ್ಲ, ತಲೆಯ ಮೇಲೆ ಒಂದು ಕಾಲಕ್ಕೆ ಬಿಳಿಯದಾಗಿದ್ದ ಟೊಪ್ಪಿಗೆ. ಕೊಪ್ಪಳದಿಂದ ಸಿಕ್ಕ ಸಿಕ್ಕ ಲಾರಿ ಹತ್ತಿ ಬಂದಿದ್ದರು.

ಆಯಿ ಅವರನ್ನೇ ನೋಡಿದರು. “ಟೊಪ್ಪಿಗಿ ಎಷ್ಟು ಹೊಲಸ ಮಾಡಿಕೊಂಡಿಯೋ ತಮ್ಮಾ,” ಎಂದರು.

ಆಯಿಯ ಕೈ ಇನ್ನೂ ನನ್ನ ಬೆರಳಲ್ಲೇ ಇತ್ತು. ಬಿಡಲಿಲ್ಲ, ಎಣಿಸಿದೆ. ಅರ್ಧ ನಿಮಿಷ ಅಲ್ಲ, ಪೂರ್ತಿ ಒಂದು ನಿಮಿಷ. ತೊಂಬತ್ತಾರು! ಮೂರು ವಾರ ಹುಡುಕಿದ್ದು ಆಗ ನನ್ನ ಬೆರಳ ಕೆಳಗೆ ಬಡಿದುಕೊಳ್ಳುತ್ತಿತ್ತು. ಆ ಯುದ್ಧವೆಲ್ಲ ಆಯಿಯ ಎದೆಯಲ್ಲೇ ಇತ್ತು. ಕೈಗೆ ಸಿಕ್ಕಿರಲಿಲ್ಲ, ಅಷ್ಟೇ.

ಮಗ ಮಂಚದ ಅಂಚಿಗೆ ಕುಸಿದು ಅಳುತ್ತಿದ್ದರು. ಆಯಿ ಅವರ ತಲೆ ಸವರುತ್ತ, ಪರದೆಯ ಕಡೆ ಬೆರಳು ತೋರಿಸಿದರು. “ಅತ್ತದ್ದು ಸಾಕು. ಎರಡು ದಿನ ಉಂಡು ಮಲಗಿ ತಿರುಗಿ ಕೊಪ್ಪಳಕ್ಕ ಹೋಗು. ಆ ದರ್ಜಿಯಣ್ಣನ ಮಗಳ ಮನಿ ವಿಳಾಸ ಬರಕೋ. ಆಕಿ ಹೆಂಗದಾಳ, ನೋಡಿಕೊಂಡು ಬರಬೇಕು.”

ಪರದೆಯ ಈಚೆ ಸೂಜಿಯ ಕೈ ನಿಂತಿತ್ತು.

ಅಂದಿನ ಸಾಲು ನನ್ನ ವಹಿಯಲ್ಲಿ ಹೀಗಿದೆ: “21. ಲಕ್ಷ್ಮೇಶ್ವರ. ಮಧ್ಯಾಹ್ನ 2-20. ನಾಡಿ 100. ಕೇಳಿದ್ದು: ನಮಾಜು ಆಗಿದೆಯೇ? ಆಗಿದೆ. ನಿಂತೇ? ಇಲ್ಲ, ಕುಳಿತು. ಮತ್ತೆ ಇಷ್ಟೇಕೆ? ಆಯಿ ಹೇಳಿದ್ದನ್ನು ಈಗ ತಾನೇ ಕೇಳಿದೆ ಎಂದರು.”